ಬೈಲುಗದ್ದೆಯ ಕೆಸರು

ಗುಡ್ಡದ ಇಳುಕಲಿನಿಂದ ತೋಡಿನ ತಡಿಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಗದ್ದೆಗಳನ್ನು ದಕ್ಷಿಣ ಕನ್ನಡದ ಬೇಸಾಯಗಾರರು ಬೆಟ್ಟು, ಮಜಲು, ಬೈಲು ಎಂದು ವಿಂಗಡಿಸಿದುದರಲ್ಲಿ, ನೀರಿನ ನಡೆಯನ್ನು ತಲೆಮಾರುಗಳುದ್ದಕ್ಕೂ ಕಂಡುಂಡವರ ವಿವೇಕವಿದೆ. ಮಳೆಯನ್ನೇ ನಂಬಿದ ಬೆಟ್ಟಿನಲ್ಲಿ ಏಣೆಲು ಒಂದೇ ಬೆಳೆ. ಮಜಲಿನಲ್ಲಿ ಸುಗ್ಗಿಯೂ ಉಂಟು. ಬೈಲಿನಲ್ಲಿ, ತೋಡಿಗೆ ಕಟ್ಟ ಹಾಕಿದರೆ, ಕೊಳಕೆಯೂ ಕೈಸೇರುತ್ತದೆ. ಆದುದರಿಂದ ಬೈಲೇ ಶ್ರೇಷ್ಠವೆಂಬ ಭಾವನೆ ರೂಢಮೂಲವಾಗಿದೆ. ಆದರೆ ಮುರಕಲ್ಲಿನ ಗುಡ್ಡಕ್ಕೆ ತಾಗಿದ ಬೈಲನ್ನು ಕೆಸರಿಗಿಳಿಯದೆ ಯಾರೂ ಹೊಗಳಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಗದ್ದೆಮಣ್ಣನ್ನು ನೀರು ನಿಂತಿರುವಾಗಲೇ ಪರೀಕ್ಷಿಸಬೇಕು. ಒಣಗಿಸಿ ಪೊಟ್ಟಣ ಕಟ್ಟಿದ ಮಣ್ಣು ಹುಳಿಯೆಂದು ತೋರಿದರೂ, ಕೆಲವು ವಾರ ನೀರಡಿಯಲ್ಲಿದ್ದ ಅದೇ ಮಣ್ಣಿನ ರಸಸಾರವು ಬಹುಮಟ್ಟಿಗೆ 6.5ರಿಂದ 7ರ ಸಮೀಪಕ್ಕೆ ಏರಿರುತ್ತದೆ. ಫಿಲಿಪೈನ್ಸಿನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ದುಡಿದ ಪೊನ್ನಂಪೆರುಮ ಅವರು ಜಲಮಗ್ನ ಮೃತ್ತಿಕೆಗಳ ಈ ರಸಾಯನವನ್ನು 1972ರ ಪ್ರಬಂಧವೊಂದರಲ್ಲಿ ವಿಶದಪಡಿಸಿದ್ದಾರೆ. ಗಾಳಿ ಮುಗಿದ ಕೆಸರಿನಲ್ಲಿ ಸೂಕ್ಷ್ಮಜೀವಿಗಳು ಕಬ್ಬಿಣದ ತುಕ್ಕಿನಿಂದಲೂ ಆಮ್ಲಜನಕವನ್ನು ಕಸಿದುಕೊಳ್ಳಲು, ಕೆಂಪು ಅಳಿದು ನೀಲಿಬೂದು ಮೂಡುತ್ತದೆ, ಕಬ್ಬಿಣವು ನೀರಿನಲ್ಲಿ ಕರಗುತ್ತದೆ. ಭತ್ತದ ಬೇರು ಎಲೆಗಳಿಂದ ಇಳಿದ ಗಾಳಿಯನ್ನು ಹೊರಬಿಟ್ಟು ಆ ಕಬ್ಬಿಣವನ್ನು ತನ್ನ ಸುತ್ತ ಮತ್ತೆ ತುಕ್ಕಾಗಿಸುವುದರಿಂದ, ಕಿತ್ತ ಬುಡದಲ್ಲಿ ಕೆಂಗಾವಿಯ ಲೇಪವೂ ಬಿಳಿಯ ತುದಿಗಳೂ ಕಂಡರೆ ಸಮಾಧಾನಪಡಬಹುದು. ಬೇರು ಕರ್ರಗಾಗಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಕೂಡಲೇ ನೀರು ಬಿಡಬೇಕು.

ಗುಡ್ಡದೊಸರು ಹೊತ್ತು ತರುವ ಕಬ್ಬಿಣ ಮಿತಿಮೀರಿದಾಗ ಕೆಳಗಿನ ಎಲೆಗಳ ತುದಿಯಿಂದ ಕಂದು ಚುಕ್ಕೆಗಳು ಹರಡುತ್ತವೆ. ಹುಣಿಯ ಬದಿಯ ನೀರಿನ ಮೇಲೆ ಮಿನುಗುವ ಪೊರೆಯಿದ್ದರೆ ಕಡ್ಡಿಯಿಂದ ಮೆಲ್ಲಗೆ ಕದಡಿರಿ: ಎಣ್ಣೆಯಾದರೆ ಮತ್ತೆ ಕೂಡಿಕೊಳ್ಳುತ್ತದೆ, ಕಬ್ಬಿಣದ ಪೊರೆಯಾದರೆ ಚೂರುಚೂರಾಗಿ ಒಡೆದು ಹಾಗೆಯೇ ಉಳಿಯುತ್ತದೆ. ನಮ್ಮ ಬೈಲಿನ ಮೇಲುಮೂಲೆಯಲ್ಲಿ ನೇಜಿ ಕೆಂಪೇರಿದಾಗ ನಾನು ಅದನ್ನು ಗೊಬ್ಬರದ ಕೊರತೆಯೆಂದು ಭ್ರಮಿಸಿ ಎರಡು ವರ್ಷ ವ್ಯರ್ಥವಾಗಿ ಗೊಬ್ಬರ ಸುರಿದೆನು. ಆ ಕಡ್ಡಿಯ ಪರೀಕ್ಷೆ ಆಗ ತಿಳಿದಿರಲಿಲ್ಲವೆಂಬ ಕೊರಗು ಇಂದಿಗೂ ಇದೆ. ಸುಣ್ಣವೂ ಪೊಟ್ಯಾಷೂ ಉಪಕಾರಿಗಳೇ ಸರಿ, ಆದರೆ ಮೂಲವಾದ ಚಿಕಿತ್ಸೆಯೆಂದರೆ ಒಸರನ್ನು ಗುಡ್ಡದ ಬುಡದಲ್ಲಿಯೇ ತಡೆದು ತೋಡಿಗೆ ತಿರುಗಿಸುವ ಕಣಿ. ಅದನ್ನು ಮಳೆಗಾಲಕ್ಕೆ ಮುನ್ನವೇ ಕಡಿದು ಮುಗಿಸಿರಬೇಕು. ಆಟಿಯ ಮಳೆಯಲ್ಲಿ ಹಾರೆ ಹಿಡಿದು ನಿಂತವನಿಗೆ ಗುಡ್ಡದ ನೀರಾವುದು, ಮುಗಿಲ ನೀರಾವುದು ಎಂದು ತಿಳಿಯುವುದಿಲ್ಲ.