ಸೊನ್ನೆ ಬರೆಯಲು ಕಲಿಯುವುದು: ಪ್ಲಾಟಿಪಸ್ ಪುಸ್ತಕದ ಎರಡನೇ ಓದು

ನಮ್ಮ ಶಾಲಾದಿನಗಳಲ್ಲಿ ಪ್ಲಾಟಿಪಸ್ ಅಂದರೆ ಒಂದು ಅಂಕದ ಪ್ರಶ್ನೆ. ಮೊಟ್ಟೆಯಿಡುವ ಸಸ್ತನಿ ಯಾವುದು? ಉತ್ತರ ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತಿದ್ದೆವು. ಅದು ಯಾವ ನದಿಯಲ್ಲಿದೆ, ಏನು ತಿನ್ನುತ್ತದೆ, ಎಷ್ಟು ಉಳಿದಿವೆ ಎಂದು ನಾವೂ ಕೇಳಲಿಲ್ಲ, ಮೇಷ್ಟರೂ ಹೇಳಲಿಲ್ಲ. ಆಸ್ಟ್ರೇಲಿಯಾದ ವಿಜ್ಞಾನ ಇತಿಹಾಸಕಾರ್ತಿ ಆನ್ ಮೊಯಲ್ ಅವರ ‘ಪ್ಲಾಟಿಪಸ್’ (2001) ಪುಸ್ತಕವನ್ನು ಈಚೆಗೆ ಎರಡನೇ ಸಲ ಓದುವಾಗ ಆ ಪ್ರಶ್ನೆ ನೆನಪಾಯಿತು. ನಾವು ಅರೆಗಳಿಗೆಯಲ್ಲಿ ಬರೆದ ಉತ್ತರಕ್ಕೆ ಯುರೋಪು ಎಂಬತ್ತೈದು ವರ್ಷ ತಡಕಾಡಿತ್ತು.

ಮೊಯಲ್ ಹೇಳುವ ಕಥೆ ಸೊಗಸಾಗಿದೆ. 1798ರಲ್ಲಿ ನ್ಯೂ ಸೌತ್ ವೇಲ್ಸ್‌ನ ಗವರ್ನರ್ ಜಾನ್ ಹಂಟರ್ ಇಂಗ್ಲೆಂಡಿಗೆ ಒಂದು ಚರ್ಮ ಕಳಿಸುತ್ತಾನೆ. ಮರುವರ್ಷ ಅದನ್ನು ವಿವರಿಸಿದ ಜಾರ್ಜ್ ಶಾ, ಬಾತಿನ ಕೊಕ್ಕನ್ನು ಯಾರೋ ಪ್ರಾಣಿಯ ಮುಖಕ್ಕೆ ಅಂಟಿಸಿ ಮೋಸ ಮಾಡಿದ್ದಾರೇನೋ ಎಂದು ಅನುಮಾನಿಸುತ್ತಾನೆ. ಆಮೇಲೆ ಜಗಳ ಶುರು: ಇದಕ್ಕೆ ಹಾಲಿನ ಗ್ರಂಥಿ ಇದೆಯೋ ಇಲ್ಲವೋ, ಮೊಟ್ಟೆ ಇಡುತ್ತದೋ ಮರಿ ಹಾಕುತ್ತದೋ. ಜರ್ಮನಿಯ ಮೆಕೆಲ್, ಫ್ರಾನ್ಸಿನ ಜೆಫ್ರಾ, ಇಂಗ್ಲೆಂಡಿನ ಓವನ್ ಒಬ್ಬೊಬ್ಬರೂ ತಮ್ಮ ತಮ್ಮ ವಾದಕ್ಕೆ ಜೋತುಬೀಳುತ್ತಾರೆ. ಕೊನೆಗೆ 1884ರಲ್ಲಿ ವಿಲಿಯಂ ಕಾಲ್ಡ್‌ವೆಲ್ ಕ್ವೀನ್ಸ್‌ಲ್ಯಾಂಡಿನ ಬರ್ನೆಟ್ ನದಿಯ ಬಳಿ ಮೊಟ್ಟೆ ಕಂಡು ತಂತಿ ಕಳಿಸುತ್ತಾನೆ. ಮೊದಲ ಸಲ ನಾನಿದನ್ನು ಪತ್ತೇದಾರಿ ಕಾದಂಬರಿಯಂತೆ ಒಂದೇ ಉಸಿರಿಗೆ ಓದಿದ್ದೆ.

ಎರಡನೇ ಓದಿನಲ್ಲಿ ಬೇರೊಂದು ಸಂಗತಿ ಕಾಡಿತು. ಈ ವಾದವಿವಾದದ ಉದ್ದಕ್ಕೂ ಪ್ಲಾಟಿಪಸ್ ಹೆಚ್ಚಾಗಿ ಸತ್ತೇ ಇರುತ್ತದೆ. ಸೀಸೆಯೊಳಗೆ, ಮೇಜಿನ ಮೇಲೆ, ಹದ ಮಾಡಿದ ಚರ್ಮವಾಗಿ. ಬದುಕಿರುವ ಪ್ರಾಣಿಯನ್ನು ಬಲ್ಲವರು ಕಥೆಯ ಅಂಚಿನಲ್ಲಿ ನಿಂತಿರುತ್ತಾರೆ. 1830ರ ದಶಕದಲ್ಲಿ ವೈದ್ಯ ಜಾರ್ಜ್ ಬೆನೆಟ್ ಯಾಸ್ ಸೀಮೆಗೆ ಹೋದಾಗ ಅಲ್ಲಿನ ಮೂಲನಿವಾಸಿಗಳು ಅದು ಮೊಟ್ಟೆ ಇಡುತ್ತದೆಂದು ಹೇಳಿದ್ದರು. ಅವರಲ್ಲಿ ಅದಕ್ಕೆ ಮಲ್ಲಂಗಾಂಗ್, ತಂಬ್ರೀತ್ ಎಂಬ ಹೆಸರುಗಳೂ ಇದ್ದವು. ಬೆನೆಟ್ ಹೆಸರುಗಳನ್ನು ಬರೆದುಕೊಂಡ, ಮಾತನ್ನು ನಂಬಲಿಲ್ಲ. ಕಾಲ್ಡ್‌ವೆಲ್ ಇನ್ನೂ ಮುಂದೆ ಹೋದ. ಪ್ಲಾಟಿಪಸ್‌ನ ಜೊತೆಗೆ ಅದರ ಮುಳ್ಳುಮೈಯ ಬಂಧು ಎಕಿಡ್ನಾವನ್ನು ಹಿಡಿದು ಕೊಡಲು ಮೂಲನಿವಾಸಿಗಳನ್ನು ನೇಮಿಸಿ, ಪ್ರತಿ ಹೆಣ್ಣು ಎಕಿಡ್ನಾಕ್ಕೆ ಅರ್ಧ ಕ್ರೌನ್ ಕೊಟ್ಟ. ಪ್ರಾಣಿಗಳು ಹೆಚ್ಚು ಹೆಚ್ಚು ಬಂದಂತೆ ತಾನೇ ಅವರಿಗೆ ಮಾರುತ್ತಿದ್ದ ಹಿಟ್ಟು, ಚಹಾ, ಸಕ್ಕರೆಯ ಬೆಲೆಯನ್ನೂ ಏರಿಸಿದ. ಇದನ್ನು ಅವನು ತನ್ನ ವೈಜ್ಞಾನಿಕ ಪ್ರಬಂಧದಲ್ಲೇ ಜಾಣತನದ ಲೆಕ್ಕವೆಂಬಂತೆ ಬರೆದುಕೊಂಡಿದ್ದಾನೆ. ನಮ್ಮ ಒಂದು ಅಂಕದ ಉತ್ತರದ ಹಿಂದೆ ಈ ಕಿರಾಣಿ ಲೆಕ್ಕವೂ ಇದೆ.

ಮೊಯಲ್ ಮೇಲೆ ನನ್ನ ತಕರಾರು ಇಷ್ಟೇ: ಒಗಟಿನ ಕಥೆಗೆ ಒಗಟು ಬಿಡಿಸಿದಲ್ಲಿ ಕೊನೆ. ಮುಂದೆ ಹ್ಯಾರಿ ಬರೆಲ್ ಬರುತ್ತಾನೆ, 1940ರ ದಶಕದಲ್ಲಿ ಹೀಲ್ಸ್‌ವಿಲ್‌ನಲ್ಲಿ ಮೊದಲ ಸಲ ಸಾಕಿದ ಪ್ಲಾಟಿಪಸ್‌ಗೆ ಮರಿ ಮಾಡಿಸಿದ ಡೇವಿಡ್ ಫ್ಲೀ ಬರುತ್ತಾನೆ, ಆದರೆ ಕಥೆಯ ಬಿಸಿ ಆಗಲೇ ಆರಿರುತ್ತದೆ. ಪ್ರಾಣಿ ನದಿಯಲ್ಲಿ ಬದುಕುವುದು ಒಗಟಲ್ಲವಲ್ಲ, ಹಾಗಾಗಿ ಅದಕ್ಕೆ ಕಥೆಯ ಬಿಗಿ ಸಿಗುವುದಿಲ್ಲ. ದೋಷ ಲೇಖಕಿಯದು ಮಾತ್ರವೂ ಅಲ್ಲ. 1966ರಿಂದ ಆಸ್ಟ್ರೇಲಿಯಾದ ಇಪ್ಪತ್ತು ಸೆಂಟಿನ ನಾಣ್ಯದ ಮೇಲೆ ಪ್ಲಾಟಿಪಸ್ ಈಜುತ್ತಿದೆ. ಪುಸ್ತಕ ಬರುವ ಹಿಂದಿನ ವರ್ಷವಷ್ಟೇ ಅದು ಸಿಡ್ನಿ ಒಲಿಂಪಿಕ್ಸ್‌ನ ಲಾಂಛನಗಳಲ್ಲೊಂದಾಗಿತ್ತು. ದಿನವೂ ಜೇಬಿನಲ್ಲಿರುವ ಪ್ರಾಣಿ ಹೊಳೆಯಲ್ಲೂ ಇದ್ದೇ ಇರುತ್ತದೆ ಎಂದು ಜನ ಅಂದುಕೊಂಡರೆ ಆಶ್ಚರ್ಯವಿಲ್ಲ. ಅಂತರರಾಷ್ಟ್ರೀಯ ಕೆಂಪು ಪಟ್ಟಿ ಅದನ್ನು ‘ಅಪಾಯದ ಸಮೀಪ’ಕ್ಕೆ ಸರಿಸಿದ್ದು 2016ರಲ್ಲಿ. ವಿಕ್ಟೋರಿಯಾ ರಾಜ್ಯ ಅಪಾಯಕ್ಕೀಡಾಗಬಲ್ಲ ಜೀವಿಗಳ ಪಟ್ಟಿಗೆ ಸೇರಿಸಿದ್ದು 2021ರಲ್ಲಿ.

ಮೊಯಲ್ ಪುಸ್ತಕದ ಪಕ್ಕದಲ್ಲಿಟ್ಟು ಓದಬೇಕಾದ ಇನ್ನೊಂದು ಬರಹವಿದೆ. ಅದು ಪುಸ್ತಕವಲ್ಲ, 2019ರಲ್ಲಿ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಒಂದು ಪ್ರಬಂಧ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಅದರ ವಿಧಾನ ತೀರ ಪರಿಚಿತ ಅನ್ನಿಸೀತು. ಅವರು ಹಳೆಯ ಪತ್ರಿಕೆಗಳು, ಪ್ರವಾಸಿಗಳ ಬರಹಗಳು, ಮ್ಯೂಸಿಯಮ್ಮಿನ ದಾಖಲೆಗಳನ್ನು ಸಾಲುಸಾಲಾಗಿ ಓದಿದರು. ತುಪ್ಪಳಕ್ಕಾಗಿ ಪ್ಲಾಟಿಪಸ್ ಕೊಲ್ಲುತ್ತಿದ್ದ ಕಾಲವದು. ತಾನು ಎಷ್ಟು ಹೊಡೆದೆ ಎಂದು ಬೇಟೆಗಾರ ಕೊಚ್ಚಿಕೊಂಡಿದ್ದು ಇಲ್ಲಿ ಜನಗಣತಿಯ ಅಂಕಿಯಾಗುತ್ತದೆ. ಜಂಬದ ಮಾತನ್ನು ಸಾಕ್ಷಿಯಾಗಿ ಓದುವುದು, ಅಂದರೆ ಬರೆದವನು ಹೇಳಲು ಹೊರಟಿರದ್ದನ್ನು ಅವನ ಬಾಯಿಂದಲೇ ಹೇಳಿಸುವುದು, ಒಳ್ಳೆಯ ವಿಮರ್ಶಕ ಮಾಡುವ ಕೆಲಸವೇ ತಾನೆ? ಅವರು ಕಂಡದ್ದು: ಇಂದಿನವರು ‘ಸಹಜ’ ಎಂದುಕೊಂಡಿರುವ ಸಂಖ್ಯೆಗಿಂತ ಹಿಂದೆ ಪ್ಲಾಟಿಪಸ್‌ಗಳು ಬಹಳ ಹೆಚ್ಚಿದ್ದವು. ಪ್ರತಿ ತಲೆಮಾರೂ ತಾನು ಕಂಡ ಬರಿದಾದ ಹೊಳೆಯನ್ನೇ ತುಂಬಿದ ಹೊಳೆ ಎಂದುಕೊಂಡಿದೆ.

ಪ್ಲಾಟಿಪಸ್‌ಗೆ ಅಣೆಕಟ್ಟು, ಬರಗಾಲ, ದಂಡೆಯ ಮರ ಕಡಿಯುವುದು ಇವೆಲ್ಲ ಕಷ್ಟಗಳೇ. ನನ್ನನ್ನು ತಡೆದು ನಿಲ್ಲಿಸಿದ್ದು ಮಾತ್ರ ಒಂದು ಬಲೆ. ಯಾಬಿ ಎಂಬ ಸಿಹಿನೀರಿನ ಸೀಗಡಿಯಂಥ ಜೀವಿಯನ್ನು ಹಿಡಿಯುವ ಮುಚ್ಚಿದ ಬಲೆ ಅದು. ಆಕಾರ ನೋಡಿ ಜನ ಅದನ್ನು ‘ಒಪೆರಾ ಹೌಸ್ ಬಲೆ’ ಎನ್ನುತ್ತಾರೆ. ಪ್ಲಾಟಿಪಸ್ ನೀರಿನಡಿಯಲ್ಲಿ ಕಣ್ಣು, ಕಿವಿ, ಮೂಗು ಮುಚ್ಚಿಕೊಂಡು, ಬೇಟೆಯ ಮೈಯಿಂದ ಹೊಮ್ಮುವ ಸಣ್ಣ ವಿದ್ಯುತ್ತನ್ನು ಕೊಕ್ಕಿನಿಂದ ಗ್ರಹಿಸಿ ಹುಡುಕುತ್ತದೆ. ಬಲೆಯೊಳಗೆ ನುಗ್ಗಿದ್ದು ಉಸಿರಿಗಾಗಿ ಮೇಲೆ ಬರಲಾಗದೆ ಕೆಲವೇ ನಿಮಿಷಗಳಲ್ಲಿ ಸಾಯುತ್ತದೆ. ಆಸ್ಟ್ರೇಲಿಯಾದ ಮತ್ತೊಂದು ಸಿಹಿನೀರಿನ ಸಸ್ತನಿ ರಕಾಲಿ ಸಾಯುವುದೂ ಹೀಗೆಯೇ. ವಿಕ್ಟೋರಿಯಾ ಈ ಬಲೆಯನ್ನು 2019ರಲ್ಲಿ, ನ್ಯೂ ಸೌತ್ ವೇಲ್ಸ್ 2021ರಲ್ಲಿ ನಿಷೇಧಿಸಿದವು. ಅಂದಹಾಗೆ ರಕಾಲಿಗೆ ಮೊದಲು ‘ನೀರಿಲಿ’ ಎಂದೇ ಹೆಸರು. ಇಲಿ ಅಂದರೆ ಯಾರಿಗೆ ಕನಿಕರ? 1990ರ ದಶಕದಲ್ಲಿ ನ್‌ಗರಿಂಜೆರಿ ಜನರ ಪದವನ್ನು ಬಳಕೆಗೆ ತಂದರು. ಒಂದು ಪದದಿಂದ ಪ್ರಾಣಿ ಉಳಿಯುತ್ತದೆಂದು ನಾನು ನಂಬುವುದಿಲ್ಲ, ಆದರೂ ಆ ಬದಲಾವಣೆ ನನಗಿಷ್ಟ.

ಹೊಳೆದಂಡೆಯ ಜನ ಈಗ ಮತ್ತೆ ಕಥೆಯೊಳಗೆ ಬಂದಿದ್ದಾರೆ. 1994ರಲ್ಲಿ ಶುರುವಾದ ಆಸ್ಟ್ರೇಲಿಯನ್ ಪ್ಲಾಟಿಪಸ್ ಕನ್ಸರ್ವೆನ್ಸಿಯಂಥ ಸಂಸ್ಥೆಗಳು ಊರಿನವರನ್ನೇ ಎಣಿಸಲು ಕರೆದವು. ನಸುಕಿನಲ್ಲೋ ಮುಸ್ಸಂಜೆಯಲ್ಲೋ ಒಂದು ಜಾಗದಲ್ಲಿ ಕೂತು ನೀರು ನೋಡಬೇಕು. ಒಂದರೊಳಗೊಂದು ವೃತ್ತಗಳೆದ್ದರೆ ಪ್ಲಾಟಿಪಸ್ ಇರಬಹುದು. ಬಾಣದ ತುದಿಯಂಥ ಗೆರೆ ಎದ್ದು ಬಾಲದ ತುದಿ ಬೆಳ್ಳಗಿದ್ದರೆ ರಕಾಲಿ. ಏನೂ ಕಾಣದಿದ್ದರೆ ಸೊನ್ನೆ ಎಂದು ಬರೆಯಬೇಕು. ಆ ಸೊನ್ನೆಯಿಲ್ಲದೆ ಸಂಖ್ಯೆ ಇಳಿದದ್ದು ಯಾರಿಗೂ ಗೊತ್ತಾಗುವುದಿಲ್ಲ. ಪ್ಲಾಟಿಪಸ್ ಬಗ್ಗೆ ನಾನು ಓದಿದ ಬಣ್ಣದ ಪುಸ್ತಕಗಳಲ್ಲಿ ಏನೂ ಕಾಣದ ಇಂಥ ಒಂದು ಬೆಳಗನ್ನೂ ಯಾರೂ ವರ್ಣಿಸಿಲ್ಲ.

ಸಿಡ್ನಿಯ ಪಕ್ಕದ ರಾಯಲ್ ರಾಷ್ಟ್ರೀಯ ಉದ್ಯಾನದ ಹೊಳೆಯಲ್ಲಿ 1970ರ ದಶಕದಿಂದ ಇದ್ದದ್ದು ಈ ಸೊನ್ನೆಯೇ. 2023ರ ಮೇ ತಿಂಗಳಲ್ಲಿ ಅಲ್ಲಿಗೆ ಹತ್ತು ಪ್ಲಾಟಿಪಸ್‌ಗಳನ್ನು ತಂದು ಬಿಟ್ಟರು. ಆಮೇಲೆ ಅಲ್ಲೇ ಹುಟ್ಟಿದ ಒಂದು ಹೆಣ್ಣು ಮರಿ ಸಂಶೋಧಕರ ಕೈಗೆ ಸಿಕ್ಕಿತು. ಅದಕ್ಕಿಟ್ಟ ಹೆಸರು ಗಿಲಿ, ಆ ನೆಲದ ಧರಾವಲ್ ಭಾಷೆಯದು. ಅಳೆದು, ಗುರುತು ಮಾಡಿ, ಮತ್ತೆ ನೀರಿಗೆ ಬಿಟ್ಟರು.