ಬೆಳಗಿನ ಓಟಕ್ಕೆ ಬೆಳ್ತಿಗೆ ಗಂಜಿ

ಮಂಡಿನೋವು, ಶೂ, ಕೈಗಡಿಯಾರ ಇವುಗಳ ಬಗ್ಗೆ ಓಟಗಾರರು ಎಷ್ಟು ಹೊತ್ತು ಬೇಕಾದರೂ ಹರಟುತ್ತಾರೆ. ಹೊಟ್ಟೆಯ ಮಾತು ಬಂದರೆ ಮಾತ್ರ ದನಿ ತಗ್ಗುತ್ತದೆ. ಭಾನುವಾರ ಬೆಳಗ್ಗೆ ಕಬ್ಬನ್ ಪಾರ್ಕಿನಲ್ಲಿ ದೂರದ ಓಟಕ್ಕೆ ಇಳಿಯುವ ಕೆಲವರಿಗೆ ಅಲ್ಲಿನ ಮರಗಳಿಗಿಂತ ಶೌಚಾಲಯಗಳ ಗುರುತು ಹೆಚ್ಚು. ಇದರಲ್ಲಿ ನಾಚುವಂಥದ್ದೇನೂ ಇಲ್ಲ. 2005ರ ಲಂಡನ್ ಮ್ಯಾರಥಾನ್‌ನಲ್ಲಿ ಪೌಲಾ ರ್‍ಯಾಡ್‌ಕ್ಲಿಫ್ ಟೀವಿ ಕ್ಯಾಮೆರಾಗಳ ಎದುರೇ ರಸ್ತೆ ಬದಿಯಲ್ಲಿ ಕೂತು ಎದ್ದು ಓಡಿದರು. 2 ಗಂಟೆ 17 ನಿಮಿಷ 42 ಸೆಕೆಂಡಿನಲ್ಲಿ ಗೆದ್ದೂ ಬಿಟ್ಟರು.

ಜೋರಾಗಿ ಓಡುವಾಗ ರಕ್ತವೆಲ್ಲ ಕಾಲಿನ ಸ್ನಾಯುಗಳಿಗೂ ಚರ್ಮಕ್ಕೂ ಹರಿಯುತ್ತದೆ. ಕರುಳಿನ ಪಾಲು ಶೇಕಡ 70-80ರಷ್ಟು ಇಳಿಯುವುದೂ ಉಂಟು. ಅಂಥ ಹೊತ್ತಿನಲ್ಲಿ ಹೊಟ್ಟೆಯೊಳಗೆ ಏನಿದೆಯೋ ಅದು ಇದ್ದಲ್ಲೇ ಇದ್ದು ಕುಲುಕುತ್ತದೆ. ಸೈಕಲ್ ತುಳಿಯುವವರಿಗಿಂತ ಓಡುವವರಿಗೆ ಈ ಕಾಟ ಹೆಚ್ಚು, ಏಕೆಂದರೆ ಪ್ರತಿ ಹೆಜ್ಜೆಯ ಏಟೂ ಕರುಳಿಗೆ ತಟ್ಟುತ್ತದೆ. ಹಾಗಾಗಿ ಓಟಕ್ಕೆ ಮುಂಚಿನ ತಿಂಡಿಯನ್ನು ಆರಿಸುವಾಗ ಅದರಲ್ಲಿ ಎಷ್ಟು ಪೋಷಕಾಂಶವಿದೆ ಎಂದು ಕೇಳಬೇಡಿ, ಎಷ್ಟು ಬೇಗ ಹೊಟ್ಟೆ ಖಾಲಿ ಮಾಡುತ್ತದೆ ಎಂದು ಕೇಳಿ. ಈ ಪರೀಕ್ಷೆಯಲ್ಲಿ ನಮ್ಮ ‘ಆರೋಗ್ಯಕರ’ ತಿಂಡಿಗಳೆಲ್ಲ ಸಾಲಾಗಿ ಫೇಲಾಗುತ್ತವೆ.

ರಾಗಿಯನ್ನೇ ನೋಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ದಿನವಿಡೀ ರಾಗಿಯೇ ಮೇಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಐದು ಗಂಟೆಗೆ ದೊಡ್ಡ ಲೋಟದ ತುಂಬ ಹಾಲು ಬೆರೆಸಿದ ರಾಗಿ ಮಾಲ್ಟ್ ಕುಡಿದು ಆರಕ್ಕೆ ಓಡಲು ನಿಂತರೆ ನಾರಿನ ಜೊತೆಗೆ ಲ್ಯಾಕ್ಟೋಸ್ ಕೂಡ ಹೊಟ್ಟೆಯಲ್ಲಿ ಓಡುತ್ತದೆ. ದಕ್ಷಿಣ ಭಾರತದ ವಯಸ್ಕರಲ್ಲಿ ಬಹಳ ಮಂದಿಗೆ ಅದು ಪೂರ್ತಿ ಅರಗುವುದಿಲ್ಲ. ಮೊಳಕೆ ಕಾಳು, ನೆನೆಸಿದ ಬಾದಾಮಿ, ಕಡಲೆಕಾಯಿ ಬೆಣ್ಣೆ ಸವರಿದ ಗೋಧಿ ಬ್ರೆಡ್ಡು, ಎಲ್ಲವೂ ಇದೇ ಜಾತಿ. ನಾರು, ಕೊಬ್ಬು, ಪ್ರೋಟೀನ್ ಈ ಮೂರೂ ಜಠರದ ಬಾಗಿಲನ್ನು ನಿಧಾನವಾಗಿ ತೆರೆಯುತ್ತವೆ. ಇವೆಲ್ಲ ಓಟ ಮುಗಿದ ಮೇಲೆ ಬರಲಿ.

ನನ್ನ ಮತ ಬೆಳ್ತಿಗೆ ಗಂಜಿಗೆ. ಕರಾವಳಿಯವರು ಈ ಮಾತಿಗೆ ಹುಬ್ಬೇರಿಸಬಹುದು, ಗಂಜಿ ಅಂದರೆ ಅವರಿಗೆ ಕುಚ್ಚಲಕ್ಕಿಯದೇ. ರುಚಿಯಲ್ಲಿ ನಾನೂ ಅವರ ಪಕ್ಷ. ಆದರೆ ಕೆಂಪು ಕುಚ್ಚಲಕ್ಕಿಯಲ್ಲಿ ತವುಡಿನ ಅಂಶ ಉಳಿದಿರುತ್ತದೆ, ಅಗುಳು ಗಟ್ಟಿ, ಕರಗಲು ಹೊತ್ತು ಬೇಕು. ಓಟದ ಬೆಳಗಿಗೆ ಸಾದಾ ಸೋನಾ ಮಸೂರಿ ಸಾಕು. ಏಳೆಂಟು ಪಟ್ಟು ನೀರು ಹಾಕಿ, ಅಗುಳು ಬೆರಳಲ್ಲಿ ಹಿಸುಕಿದರೆ ಮಾಯವಾಗುವಷ್ಟು ಬೇಯಿಸಿ, ಕಲ್ಲುಪ್ಪು ಹಾಕಿ. ತುಪ್ಪ ಬೇಡ. ಮಿಡಿ ಉಪ್ಪಿನಕಾಯಿಯ ಕಡೆ ಕಣ್ಣು ಹೋಗುವುದು ಸಹಜ, ಕೈ ಹೋಗದಿರಲಿ. ಕುಕ್ಕರಿನಲ್ಲಿ ರಾತ್ರಿಯೇ ಮಾಡಿ ಫ್ರಿಜ್ಜಿನಲ್ಲಿಟ್ಟು ಬೆಳಗ್ಗೆ ಬಿಸಿನೀರು ಬೆರೆಸಿ ಕುದಿಸಿಕೊಂಡರೂ ನಡೆಯುತ್ತದೆ.

ಎಷ್ಟು ತಿನ್ನಬೇಕು? ಓಟಕ್ಕೆ ಒಂದರಿಂದ ನಾಲ್ಕು ಗಂಟೆ ಮೊದಲು, ದೇಹತೂಕದ ಪ್ರತಿ ಕಿಲೋಗೆ ಒಂದರಿಂದ ನಾಲ್ಕು ಗ್ರಾಂ ಕಾರ್ಬೋಹೈಡ್ರೇಟ್ ಎಂಬುದು ಕ್ರೀಡಾ ಪೋಷಣಶಾಸ್ತ್ರದ ಸಾಮಾನ್ಯ ಲೆಕ್ಕ. ಓಟ ಹತ್ತಿರವಿದ್ದಷ್ಟೂ ಕಡಿಮೆ. 60 ಕಿಲೋ ತೂಗುವವರಿಗೆ ಒಂದು ಗಂಟೆ ಮುಂಚೆಯಾದರೆ 60 ಗ್ರಾಂ. 150 ಗ್ರಾಂ ಅನ್ನದಷ್ಟು ಗಂಜಿಯಲ್ಲಿ ಸುಮಾರು 40 ಗ್ರಾಂ ಬಂತು, ಉಳಿದದ್ದನ್ನು ಒಂದು ಪಚ್ಚಬಾಳೆ ತುಂಬಿಕೊಡುತ್ತದೆ. ಆ ಬಾಳೆ ಚುಕ್ಕೆ ಬಿದ್ದು ಮೆತ್ತಗಾಗಿರಬಾರದು. ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದವರು ಸೂಕ್ಷ್ಮ ಹೊಟ್ಟೆಯವರಿಗಾಗಿ ಒಂದೊಂದೇ ಆಹಾರವನ್ನು ಅಳೆದಿದ್ದಾರೆ. ಬಾಳೆ ಕಳಿತಷ್ಟೂ ಅದರಲ್ಲಿ ಹೊಟ್ಟೆಯುಬ್ಬರ ತರುವ ಫ್ರಕ್ಟಾನ್ ಹೆಚ್ಚು ಎನ್ನುವುದು ಅವರು ಕಂಡ ಸಂಗತಿ.

ಐದಾರು ಕಿಲೋಮೀಟರಿನ ನಿಧಾನ ಓಟಕ್ಕಾದರೆ ಇಷ್ಟೆಲ್ಲ ಸಂಭ್ರಮ ಬೇಡ. ರಾತ್ರಿಯ ನಿದ್ದೆಯಲ್ಲಿ ಯಕೃತ್ತಿನ ಗ್ಲೈಕೊಜೆನ್ ಕರಗಿದರೂ ಸ್ನಾಯುಗಳಲ್ಲಿರುವ ದಾಸ್ತಾನು ಹಾಗೇ ಇರುತ್ತದೆ. ಒಂದು ಲೋಟ ನೀರು ಕುಡಿದು ಹೊರಡಿ. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳದೆ ಹೀಗೆ ಮಾಡಬಾರದು.

ಇಡ್ಲಿಯೂ ಒಳ್ಳೆಯದೇ. ಉದ್ದಿನಲ್ಲಿ ವಾಯು ತರುವ ಸಕ್ಕರೆಗಳಿವೆ, ಆದರೆ ನೆನೆಸಿ, ರುಬ್ಬಿ, ರಾತ್ರಿಯಿಡೀ ಹುಳಿಯಲು ಬಿಟ್ಟಾಗ ಅವು ಸಾಕಷ್ಟು ಒಡೆಯುತ್ತವೆ. ಎರಡು ಇಡ್ಲಿಗೆ ಚಿಟಿಕೆ ಸಕ್ಕರೆ ಮುಟ್ಟಿಸಿಕೊಂಡು ತಿನ್ನಬೇಕು. ಕಾಯಿ ಚಟ್ನಿಯ ಕೊಬ್ಬು, ಸಾಂಬಾರಿನ ಬೇಳೆ, ಈರುಳ್ಳಿ, ಖಾರ ಬಂದು ಸೇರಿದರೆ ಇಡ್ಲಿ ನಿರಪರಾಧಿಯಾಗಿದ್ದೂ ಪ್ರಯೋಜನವಿಲ್ಲ. ಲಾಲ್‌ಬಾಗ್ ಓಟಗಾರರ ಪ್ರೀತಿಯ ಎಂಟಿಆರ್ ರವೆ ಇಡ್ಲಿ ಇನ್ನೊಂದು ಲೋಕದ್ದು: ಗೋಧಿ ರವೆ, ಮೊಸರು, ಗೋಡಂಬಿ, ಮೇಲೆ ತುಪ್ಪ. ಓಡಿ ಬಂದವರಿಗೆ ಮಾತ್ರ.

ಕಾಫಿ ಬಿಡಿ ಎಂದು ಬೆಂಗಳೂರಿನಲ್ಲಿ ಕೂತು ಬರೆಯುವ ಧೈರ್ಯ ನನಗಿಲ್ಲ. ಬಿಡುವ ಅಗತ್ಯವೂ ಇಲ್ಲ. ಕಾಫಿ ಕುಡಿದ ನಾಲ್ಕೇ ನಿಮಿಷದಲ್ಲಿ ಕೆಲವರ ದೊಡ್ಡ ಕರುಳು ಚುರುಕಾಗುತ್ತದೆಂದು 1990ರಲ್ಲೇ ‘ಗಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಕೆಫೀನ್ ತೆಗೆದ ಕಾಫಿಯೂ ಅದೇ ಕೆಲಸ ಮಾಡಿತ್ತು. ಈ ಗುಣವನ್ನು ದುಡಿಸಿಕೊಳ್ಳಿ: ಮನೆ ಬಿಡುವ ಮುಕ್ಕಾಲು ಗಂಟೆ ಮೊದಲು ಅರ್ಧ ಲೋಟ ಕುಡಿದು, ಆಗಬೇಕಾದದ್ದು ಮನೆಯಲ್ಲೇ ಆಗಲಿ. ಪಾರ್ಕಿನ ಗೇಟಿನ ಬಳಿ ಓಟಕ್ಕೆ ಹತ್ತು ನಿಮಿಷವಿರುವಾಗ ಕುಡಿಯುವ ಕಾಫಿಯೇ ಅಪಾಯಕಾರಿ. ಅಂದಹಾಗೆ, ನಮ್ಮ ಫಿಲ್ಟರ್ ಪುಡಿಯಲ್ಲಿ ಬೆರೆಯುವ ಚಿಕೋರಿ ಬೇರಿನಲ್ಲಿ ಇನ್ಯುಲಿನ್ ಎಂಬ ನಾರಿದೆ. ಹುರಿಯುವಾಗ ಒಂದಷ್ಟು ಹೋಗಿ ಉಳಿದದ್ದು ಡಿಕಾಕ್ಷನ್‌ಗೆ ಇಳಿಯುತ್ತದೆ. ತೀರಾ ಸೂಕ್ಷ್ಮ ಹೊಟ್ಟೆಯವರು ಚಿಕೋರಿಯಿಲ್ಲದ ಪುಡಿಯನ್ನೊಮ್ಮೆ ನೋಡಬಹುದು.

ಬೆಳಗಿನ ಗುಡುಗುಡುವಿಗೆ ಬೆಳಗಿನ ತಿಂಡಿಯೇ ಕಾರಣ ಎನ್ನುವ ಹಾಗಿಲ್ಲ. ಡಿಸೆಂಬರ್-ಜನವರಿಯಲ್ಲಿ ಶನಿವಾರ ರಾತ್ರಿ ಹಿತಕಿದ ಅವರೆಬೇಳೆ ಸಾರಿನಲ್ಲಿ ಕೈ ಅದ್ದಿದವರ ಭಾನುವಾರದ ಓಟ ಗಮನಿಸಿ. ಅವರೆಯಲ್ಲಿರುವ ಕೆಲವು ಸಕ್ಕರೆಗಳನ್ನು ಒಡೆಯುವ ಕಿಣ್ವ ಮನುಷ್ಯರಲ್ಲಿಲ್ಲ. ಅವು ಹಾಗೇ ದೊಡ್ಡ ಕರುಳಿಗೆ ಇಳಿಯುತ್ತವೆ, ಅಲ್ಲಿನ ಬ್ಯಾಕ್ಟೀರಿಯಾಗಳು ಅವನ್ನು ಅನಿಲವಾಗಿಸುವ ಹೊತ್ತಿಗೆ ಬೆಳಕು ಹರಿದಿರುತ್ತದೆ. ಬೆಂಗಳೂರಿನ ವರ್ಲ್ಡ್ 10ಕೆ ಓಟವೋ ಏಪ್ರಿಲ್-ಮೇ ತಿಂಗಳಲ್ಲಿ, ಸರಿಯಾಗಿ ಮಾವಿನ ಕಾಲದಲ್ಲಿ ಬರುತ್ತದೆ. ಮಾವಿನಲ್ಲಿ ಗ್ಲೂಕೋಸ್‌ಗಿಂತ ಫ್ರಕ್ಟೋಸ್ ಹೆಚ್ಚು, ಅದು ಎಲ್ಲರ ಕರುಳಿಗೂ ಸಲೀಸಾಗಿ ಹೀರಿಕೆಯಾಗುವುದಿಲ್ಲ. ಮಲ್ಲಿಕಾ, ಬಾದಾಮಿ ಯಾವುದೇ ಇರಲಿ, ಓಟದ ಹಿಂದಿನ ರಾತ್ರಿ ಬುಟ್ಟಿಯಲ್ಲೇ ಇರಲಿ.

ಏನನ್ನೂ ತಿಂದು ಓಡಲಾರೆ ಎನ್ನುವವರ ಹೊಟ್ಟೆಯೂ ಪಳಗುತ್ತದೆ. ಮೊದಲು ಎರಡು ಚಮಚ ಗಂಜಿ ತಿಳಿ, ನಾಲ್ಕು ದಿನ ಬಿಟ್ಟು ಅರ್ಧ ಬಟ್ಟಲು, ಹೀಗೆ ಏರಿಸುತ್ತ ಹೋದರೆ ವಾರಗಳಲ್ಲಿ ವ್ಯತ್ಯಾಸ ಕಾಣುತ್ತದೆ. ಓಟಕ್ಕೆ ಮುಂಚೆ ಐಬುಪ್ರೊಫೇನ್‌ನಂಥ ನೋವಿನ ಮಾತ್ರೆ ನುಂಗುವ ಚಾಳಿ ಇದ್ದರೆ ಮೊದಲು ಅದನ್ನು ಬಿಡಿ, ರಕ್ತ ಕಡಿಮೆಯಾಗಿ ಬಳಲಿದ ಕರುಳಿಗೆ ಅದು ನೇರವಾಗಿ ಹಾನಿ ಮಾಡುತ್ತದೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ, ಓಡದ ದಿನವೂ ಬಿಡದ ಭೇದಿ ಇದ್ದರೆ ಗಂಜಿ ಗಿಂಜಿ ಎನ್ನದೆ ವೈದ್ಯರ ಬಳಿ ಹೋಗಬೇಕು.

ಸ್ಪರ್ಧೆಯ ಮುನ್ನಾದಿನ ಬಿಬ್ ನಂಬರಿನ ಜೊತೆ ಬಿಟ್ಟಿಯಾಗಿ ಸಿಗುವ ಎನರ್ಜಿ ಬಾರ್ ಬಗ್ಗೆ ಒಂದು ಮಾತು. ಹೊದಿಕೆಯ ಮೇಲೆ ‘ಸಕ್ಕರೆರಹಿತ’ ಎಂದಿದ್ದರೆ ತಿರುಗಿಸಿ ಹಿಂಬದಿ ಓದಿ. ಸಾರ್ಬಿಟಾಲ್, ಮಾಲ್ಟಿಟಾಲ್ ಅಥವಾ ಚಿಕೋರಿ ನಾರು ಕಂಡರೆ ಸೋಮವಾರ ಆಫೀಸಿಗೆ ಒಯ್ದು, ಶೌಚಾಲಯಕ್ಕೆ ಹತ್ತಿರದ ಮೇಜಿನವರಿಗೆ ಕೊಟ್ಟುಬಿಡಿ.