ಬೇಟೆಗಾರನ ಸಾಕ್ಷ್ಯವೂ ಅನುಪಲಬ್ಧಿಪ್ರಮಾಣವೂ

ಭರತಖಂಡದ 25 ದೊಡ್ಡ ಸಸ್ತನಿಗಳು ಎಲ್ಲೆಲ್ಲಿ ಅಳಿದುವೆಂಬುದನ್ನು ವಿಚಾರಿಸುವ ಪ್ರಬಂಧವೊಂದನ್ನು ಕೃತಿ ಕಾರಂತ, ಉಲ್ಲಾಸ ಕಾರಂತ ಮೊದಲಾದ ಐವರು 2010ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಇವರಲ್ಲಿ ಇಬ್ಬರು, ಈಗ ಬ್ರಹ್ಮಾವರ ತಾಲ್ಲೂಕಿಗೆ ಸೇರಿದ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರ ಮನೆಯವರು. ಈ ಸೀಮೆಯವರಿಗೆ ಅಭಿಮಾನವುಂಟಾಗುವುದು ಸಹಜವೇ. ಆದರೆ ಅದು ಪರೀಕ್ಷೆಗೆ ಅಡ್ಡಬರಲಾಗದು.

ಪೂರ್ವಕಾಲದ ಸ್ಥಿತಿಗೆ ಪ್ರಬಂಧಕಾರರು ಬೇಟೆಯ ದಾಖಲೆಗಳನ್ನೂ ವಸ್ತುಸಂಗ್ರಹಾಲಯಗಳ ತೊಗಲು-ಎಲುಬುಗಳನ್ನೂ ಆಧಾರವಾಗಿ ಹಿಡಿದಿರುವರು. ಈಚಿನ ಸ್ಥಿತಿಗೆ ನೂರಕ್ಕೆ ಮಿಕ್ಕ ತಜ್ಞರ ಉತ್ತರಗಳೇ ಆಧಾರ. ಮೊದಲನೆಯದರ ದೋಷವು ಸ್ಪಷ್ಟ. ಬೇಟೆಗಾರನು ಕೊಂದುದನ್ನು ಬರೆದಿಡುವನು, ಬರಿಗೈಯಲ್ಲಿ ಮರಳಿದ ದಿನವನ್ನು ಬರೆದಿಡನು. ಮೈಸೂರಿನ ವ್ಯಾನ್ ಇಂಗೆನ್ ಕಾರ್ಯಾಗಾರಕ್ಕೆ ಹುಲಿ ಚಿರತೆಗಳು ಹೋದುವು. ಗದ್ದೆಯಂಚಿನಲ್ಲಿ ಸತ್ತು ಅಂದೇ ಅಡಿಗೆಯಾದ ಹಂದಿ ಅಲ್ಲಿಗೆ ಹೋದೀತೆ?

ಪ್ರಬಂಧದ ನಿಜವಾದ ಗುಣವಿರುವುದು ಎರಡನೆಯ ಭಾಗದಲ್ಲಿ. ಭಾಟ್ಟಮೀಮಾಂಸಕರು ಅನುಪಲಬ್ಧಿಯನ್ನು ಪ್ರಮಾಣವೆಂದು ಒಪ್ಪುವಾಗ 'ಯೋಗ್ಯ'ವೆಂಬ ವಿಶೇಷಣವನ್ನು ಬಿಡರು. ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತುವು ಕಾಣದಿದ್ದರೆ ಮಾತ್ರ ಅದರ ಅಭಾವವು ಸಿದ್ಧವಾಗುವುದು. ಕತ್ತಲೆಯ ಕೋಣೆಯಲ್ಲಿ ಘಟವು ಕಾಣಲಿಲ್ಲವೆಂದು ಘಟವೇ ಇಲ್ಲವೆನ್ನಲಾಗದು. ಒಂದೇ ಪ್ರದೇಶವನ್ನು ಕುರಿತು ಅನೇಕರನ್ನು ಕೇಳಿ, ಒಬ್ಬನು ಕಂಡುದನ್ನು ಮತ್ತೊಬ್ಬನು ಎಷ್ಟು ಸಲ ಕಾಣನೆಂಬುದರಿಂದ ಕಾಣುವ ಯೋಗ್ಯತೆಯನ್ನೇ ಗಣಿಸುವ ಈ ಕ್ರಮವು ಅದೇ ವಿಶೇಷಣದ ಗಣಿತರೂಪವು.

ಆದರೆ ಯಾರು ಉತ್ತರವಿತ್ತರು, ಯಾರು ಮೌನವಾಗಿದ್ದರು ಎಂಬುದೂ ವಿಚಾರ್ಯವೇ. ಅಮೆರಿಕದ ಸರಕಾರವು ನೀರುಹಕ್ಕಿಗಳ ಬೇಟೆಯನ್ನೆಣಿಸಲು 1952ರಿಂದ ಅಂಚೆಯಲ್ಲಿ ಪ್ರಶ್ನಪತ್ರಗಳನ್ನು ಕಳುಹಿಸಿತು. ಇಂತಹ ಎಣಿಕೆಗಳಲ್ಲಿ ಬೇಟೆ ಸಿಕ್ಕವನು ಉತ್ಸಾಹದಿಂದ ಉತ್ತರಿಸುವನು, ಸಿಕ್ಕದವನು ಸುಮ್ಮನಿರುವನು. ಹೀಗಾಗಿ ಮೊತ್ತವು ನಿಜಕ್ಕಿಂತ ಏರುವುದು. ಅಂತರ್ಜಾಲದ ಪ್ರಶ್ನಪತ್ರಕ್ಕೆ ವೆಚ್ಚ ಅಲ್ಪ, ವೇಗ ಅಧಿಕ. ಆದರೆ ಉತ್ತರಿಸುವವರಲ್ಲಿ ಕಿರಿಯರೇ ಹೆಚ್ಚಾಗಬಹುದು. ಎರಡು ದಾರಿಗಳ ಅಂಕಿಗಳನ್ನು ಹಾಗೆಯೇ ಕೂಡಿಸುವುದು ಬೇರೆ ಬೇರೆ ಕೊಳಗಗಳಲ್ಲಿ ಅಳೆದ ಭತ್ತವನ್ನು ಒಂದೇ ಲೆಕ್ಕಕ್ಕೆ ಹಿಡಿದಂತೆ. ಅಲ್ಲಿ ಪರವಾನಗಿಯ ಪಟ್ಟಿಯಿರುವುದರಿಂದ ಮೌನಿಗಳನ್ನು ಮರಳಿ ಕೇಳಲು ಸಾಧ್ಯ. ಇಲ್ಲಿಯಾದರೋ 1972ರ ವನ್ಯಜೀವಿ ಕಾಯಿದೆಯ ಬಳಿಕ ಬೇಟೆಗಾರನ ಲಿಖಿತ ಉತ್ತರವು ತಪ್ಪೊಪ್ಪಿಗೆಯೇ ಆಗುವುದು. ಅವನ ಸ್ಥಾನಕ್ಕೆ ತಜ್ಞನು ಬಂದುದು ಅನಿವಾರ್ಯ.

ಆದರೆ ತಜ್ಞನ ಪರಿಚಯವು ಹೆಚ್ಚಾಗಿ ಕುದುರೆಮುಖ, ಮೂಕಾಂಬಿಕೆಗಳಂತಹ ರಕ್ಷಿತಾರಣ್ಯಗಳದು. ಸೀತಾನದಿಯ ದಂಡೆಯ ಗದ್ದೆಗೆ ರಾತ್ರಿ ಯಾವ ಪ್ರಾಣಿ ಇಳಿಯಿತೆಂಬುದನ್ನು ಕಾವಲು ಕುಳಿತ ಒಕ್ಕಲಿಗನು ಬಲ್ಲನು. ಇಂತಹ ಕಡೆ ತಜ್ಞನು ಕಾಣದುದಕ್ಕೆ ಯೋಗ್ಯತೆ ಅಲ್ಪ. ಮುಂದಿನ ಸಂಶೋಧಕರು ಒಂದೇ ಬಯಲಿನ ಇಬ್ಬರು ಮೂವರು ಕಾವಲುಗಾರರನ್ನು, ಹೆಸರು ಬರೆದುಕೊಳ್ಳದೆ, ಮನೆಬಾಗಿಲಲ್ಲಿ ಬೇರೆ ಬೇರೆಯಾಗಿ ಕೇಳಿ, ಆ ಉತ್ತರಗಳನ್ನೂ ಇದೇ ಗಣಿತಕ್ಕೆ ಒಳಪಡಿಸಬೇಕಾಗಿದೆ.